ಫೋಟೋದ ಕೆಳಗಿನ ಪದ

ಪ್ರೆಸ್ಸಿನ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಕು, ಬುಧವಾರ

ನನ್ನ ಬಾಯಿಬಡಕಿ ಮೊಮ್ಮಗಳಿಗೆ ತಾತನ ಆಶೀರ್ವಾದಗಳು.

ಕೆಮ್ಮು ಹೋಯಿತೇ? ಹಾಸ್ಟೆಲ್ಲಿನ ತಣ್ಣೀರಿನಲ್ಲಿ ತಲೆಸ್ನಾನ ಮಾಡಬೇಡ ಎಂದರೆ ನಿನಗದು ಗೋರ್ಕಲ್ಲ ಮೇಲೆ ಮಳೆಗರೆದಂತೆ. ನಾನು ಗಟ್ಟಿಯಾಗಿದ್ದೇನೆ. ಇಲ್ಲವೆಂದು ಯಾರಾದರೂ ಬರೆದಿದ್ದರೆ ಅದು ನಿಮ್ಮಪ್ಪನ ಕೆಲಸ, ನಂಬಬೇಡ.

ನೀನು ಇಂಗ್ಲಿಷ್ ಓದುತ್ತಿರುವವಳು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಪ್ರೆಸ್ಸಿನ ಹೊಸ ಕ್ಯಾಲೆಂಡರಿನಲ್ಲಿ ನನ್ನ ಫೋಟೋ ಬಂದಿದೆ. ಎದೆಯುಬ್ಬಿಸಿಕೊಂಡು ಬೀದಿಗೆಲ್ಲ ಹಂಚಿದೆ. ಮೊನ್ನೆ ಔಷಧಿ ಅಂಗಡಿಯವನು ಬಂದು, "ಏನ್ ಯಜಮಾನ್ರೇ, ಎಲ್ಲಾ ಬಿಟ್ಟುಕೊಟ್ಟೇಬಿಟ್ರಾ?" ಎಂದ. ಫೋಟೋದ ಕೆಳಗೆ 'ಎರ್ಸ್ಟ್‌ವೈಲ್ ಪ್ರೊಪ್ರೈಟರ್' ಎಂದಿದೆಯಂತೆ. ಸಣ್ಣ ಅಕ್ಷರ, ನಾನು ಗಮನಿಸಿರಲಿಲ್ಲ. ಎದುರುಮನೆಯ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದೆ. "ಹಿಂದೆ ಆಗಿದ್ದವರು, ಈಗ ಅಲ್ಲ. ಆಸಾಮಿ ಇದಾನೆ, ಅಧಿಕಾರ ಇಲ್ಲ," ಎಂದರು. ಸತ್ತವರಿಗೆ ಹಾಕುವ ಪದ ಬೇರೆಯಂತೆ, ಅದು ನಿನ್ನ ಅಜ್ಜಿಗೆ. ಜಗಳವಾಡಿ ದೂರವಾದ ಗೆಳೆಯನಿಗೂ ಇದನ್ನು ಹಚ್ಚಬಹುದಂತೆ. ಮಾತಿನಲ್ಲಿ ಯಾರೂ ಬಳಸುವುದಿಲ್ಲ, ಅಚ್ಚಿನಲ್ಲಿ ಗತ್ತಿಗೆ ಹಾಕುತ್ತಾರಂತೆ. ಗತ್ತಂತೆ ಗತ್ತು! ಮಾಜಿ ಎನ್ನುವುದಕ್ಕೆ ಕೋಟು ತೊಡಿಸಿದ್ದಾರೆ, ಅಷ್ಟೇ.

ನಲವತ್ತು ವರ್ಷ ನನ್ನ ಹಸಿರು ಮಸಿಯ ಸಹಿ ಬೀಳದೆ ಒಂದು ಪ್ರೂಫೂ ಮಷೀನಿಗೆ ಹತ್ತಿಲ್ಲ. ಇದು ಹೇಗೆ ಹತ್ತಿತು? ಕೆಲವು ತಿಂಗಳಿಂದ ನಿಮ್ಮಪ್ಪನ ಮೇಲೆ ನನಗೆ ಗುಮಾನಿ. ಮಸಿಯಲ್ಲೂ ಏನೋ ಕಿತಾಪತಿ ನಡೆದಿದೆ, ಅಕ್ಷರಗಳೆಲ್ಲ ತೆಳ್ಳಗೆ ಬರುತ್ತಿವೆ. ನಾನು ಸಹಿ ಹಾಕಿದ ಪ್ರೂಫುಗಳನ್ನು ಬಾಗಿಲು ಹಾಕಿಕೊಂಡು ಮತ್ತೆ ನೋಡುತ್ತಾನೆ. ನಾನು ಒಳಗೆ ಹೋದರೆ ಮುಚ್ಚಿಡುತ್ತಾನೆ. ಕೇಳಿದರೆ, "ಏನಿಲ್ಲಪ್ಪಾ, ಸುಮ್ನೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ನನ್ನನ್ನು ಮೂಲೆಗೆ ತಳ್ಳಿ ಪ್ರೆಸ್ ಮಾರುವ ಮಸಲತ್ತೇ ಇರಬೇಕು. ಹೊಟ್ಟೆ ಉರಿಯುತ್ತದೆ ಮಗಳೇ, ಹೆತ್ತ ಮಗ. ಇವತ್ತು ಅವನು ಕಾಗದ ತರಲು ಹೋಗಿದ್ದಾನೆ. ಅವನ ಕಪಾಟು ತೆಗೆಯುತ್ತೇನೆ. ನನ್ನ ಸಹಿಯಿಲ್ಲದ ಪ್ರೂಫ್ ಸಿಗಲಿ, ಚೆನ್ನಾಗಿ ನೀರಿಳಿಸುತ್ತೇನೆ.

ಬಿಸಿನೀರು ಕುಡಿ, ಚೆನ್ನಾಗಿ ಓದು. ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ತಾತ,
ಈಗಲೂ ಯಜಮಾನ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಕ್ಯಾಲೆಂಡರಿನ ಪ್ರೂಫ್ ಸಿಕ್ಕಿತು. ಕೆಳಗೆ ಹಸಿರು ಮಸಿ, ನನ್ನದೇ ಸಹಿ. ಜೊತೆಗೆ ಆರು ತಿಂಗಳ ಪ್ರೂಫುಗಳ ಕಟ್ಟು. ನಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವಾಕೆಯ ಕೈಲಿ ಓದಿಸಿದೆ. ನಾನು ಸರಿ ಎಂದು ಸಹಿ ಹಾಕಿದ ಪ್ರತಿ ಹಾಳೆಯಲ್ಲೂ ನಿಮ್ಮಪ್ಪ ಪೆನ್ಸಿಲಿನಲ್ಲಿ ತಪ್ಪು ತಿದ್ದಿದ್ದಾನಂತೆ. ಒಂದು ಮದುವೆ ಪತ್ರಿಕೆಯಲ್ಲಿ ಮಾವನನ್ನೇ ಮದುಮಗ ಮಾಡಿದ್ದೆನಂತೆ! "ಯಜಮಾನ್ರಿಗೆ ಗೊತ್ತಾಗ್ಬಾರ್ದು ಅಂದಿದ್ರು," ಎಂದು ಆಕೆ ಕಣ್ಣೊರೆಸಿಕೊಂಡಳು. ಈಗ ನೆನಪಾಗುತ್ತಿದೆ, ಕ್ಯಾಲೆಂಡರಿನ ಪ್ರೂಫ್ ಕೊಡುವಾಗ ಅವನು, "ಕೆಳಗಿನ ಪದ ನಿಮಗೆ ಒಪ್ಪಿಗೆನಾ ಅಪ್ಪಾ?" ಎಂದು ಎರಡು ಸಲ ಕೇಳಿದ್ದ. ನಾನೇನು ಕುರುಡನಾ ಎಂದು ರೇಗಿ ಸಹಿ ಹಾಕಿದ್ದೆ. ಮಸಿ ತೆಳ್ಳಗಾಗಿಲ್ಲ ಮಗಳೇ. ರಜೆಗೆ ಬಂದಾಗ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಈ ಕಾಗದದ ಸಾಲುಗಳು ಒಂದರ ಮೇಲೊಂದು ಹತ್ತಿದ್ದರೆ ನಗಬೇಡ. ಹಸಿರು ಪೆನ್ನನ್ನು ನಿಮ್ಮಪ್ಪನ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.