ನೀರ್ದೊಣೆ ಗುಡ್ಡದ ಹಲಗೆ ತೆಗೆಸಿ

ಗುಡ್ಡದ ದಾರಿಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಹೆಂಗಸರ ಸುರಕ್ಷತೆಗೆಂದು ನೀವು ನೀರ್ದೊಣೆ ಗುಡ್ಡದ ಕಾಲುದಾರಿಗೆ ಪ್ರವೇಶವಿಲ್ಲವೆಂಬ ಹಲಗೆ ಹಾಕಿಸಿದಿರಿ. ಅದರ ಫಲವಾಗಿ ನನ್ನ ಪಕ್ಕದ ಮನೆಯ ಜಂಬಮ್ಮ ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಕಾಲು ಕೂಡುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದ್ದಾರೆ. ಜೀವದ ಬಗ್ಗೆ ನನಗೆ ಧೈರ್ಯವಿಲ್ಲ. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗೆ ನಗುವಲ್ಲದೆ ಬೇರೆ ಉತ್ತರ ಸಿಗದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದರೆ ಸಿಗುವ ಈ ಗುಡ್ಡ ನಿಮಗೆ ಗೊತ್ತಿರಲೇಬೇಕು. ಕಳೆದ ವರ್ಷ ಅದರ ನೆತ್ತಿಯ ಮೇಲೆ ಮಂಟಪ ಕಟ್ಟಿಸಿದವರು ನೀವೇ. ಕೌಲ್ ಬಜಾರಿನ ನಾವು ಕೆಲವು ಹೆಂಗಸರು ಅದಕ್ಕೂ ಮುಂಚಿನಿಂದ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದೆವು. ನಾನು ವಿಧವೆ, ಬಟ್ಟೆ ಹೊಲಿದು ಬದುಕುವವಳು. ವಾರವಿಡೀ ಮಿಷನ್ ತುಳಿದ ಕಾಲು ಒಂದು ದಿನವಾದರೂ ಮುಂದಕ್ಕೆ ಹೋಗಲಿ ಎಂದು ಹೋಗುತ್ತಿದ್ದೆ. ಜಂಬಮ್ಮನನ್ನು ಕರೆದುಕೊಂಡು ಹೋದದ್ದು ಬೇರೆ ಕಾರಣಕ್ಕೆ. ಆಕೆಯ ಒಬ್ಬಳೇ ಮಗಳು ದಡಾರದಲ್ಲಿ ತೀರಿಕೊಂಡಳು. ಆಮೇಲೆ ಜಂಬಮ್ಮ ಮಾತು ಬಿಟ್ಟಳು, ಒಲೆ ಹಚ್ಚುವುದು ಬಿಟ್ಟಳು, ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಗಂಡ ಕೊಟ್ಟೂರಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವನು, ಅಮಾವಾಸ್ಯೆಗೊಮ್ಮೆ ಮನೆಗೆ ಬರುತ್ತಾನೆ. ಡಾಕ್ಟರು ನಿದ್ದೆಯ ಮಾತ್ರೆ ಕೊಟ್ಟರು. ಒಂದು ಭಾನುವಾರ ನಾನೇ ಆಕೆಯ ತಲೆ ಬಾಚಿ, ಕೈಹಿಡಿದು ಬಸ್ಸು ಹತ್ತಿಸಿದೆ. ಗುಡ್ಡದ ಮೇಲಿನ ದೊಣೆಯಲ್ಲಿ ಮಳೆನೀರು ನಿಂತಿತ್ತು. ಅದನ್ನು ಮುಖಕ್ಕೆ ಎರಚಿಕೊಂಡು, ಎಷ್ಟೋ ತಿಂಗಳ ಮೇಲೆ ಬಾಯಿಬಿಟ್ಟಳು: "ಅಕ್ಕ, ಇಲ್ಲಿ ಉಸುರು ಆಡತೈತಿ ನೋಡು."

ಆ ದಿನ ಮನೆಗೆ ಬಂದು ರೊಟ್ಟಿ ಬಡಿದಳು. ಅಂದಿನಿಂದ ಆಕೆ ಒಂದು ಭಾನುವಾರದಿಂದ ಇನ್ನೊಂದು ಭಾನುವಾರಕ್ಕೆ ಜೀವ ಹಿಡಿದುಕೊಂಡು ಬಂದಳು.

ಆ ದಾರಿಯ ನಡುವೆ ಒಂದು ನುಣುಪು ಬಂಡೆಯಿದೆ. ಹಿಡಿದು ಹತ್ತಲು ಅಲ್ಲಿ ಕಬ್ಬಿಣದ ಸರಪಳಿಯಿತ್ತು. ಮಂಟಪದ ಉದ್ಘಾಟನೆಗೆ ಬರುವ ದೊಡ್ಡವರಿಗೆ ತುಕ್ಕು ಕಾಣಬಾರದೆಂದು ಅದನ್ನು ಬಿಚ್ಚಿಸಿ ಬಣ್ಣಕ್ಕೆ ಕಳಿಸಿದಿರಿ. ದೊಡ್ಡವರು ಗುಡ್ಡದ ಬುಡದಲ್ಲೇ ರಿಬ್ಬನ್ ಕತ್ತರಿಸಿ, ಹಾರ ಹಾಕಿಸಿಕೊಂಡು ಹೋದರು. ಸರಪಳಿ ತಿರುಗಿ ಬರಲಿಲ್ಲ. ಬೇಸಿಗೆ ರಜೆಗೆ ಬಂದಿದ್ದ ಒಬ್ಬ ಹುಡುಗಿ ಅದೇ ಬಂಡೆಯಿಂದ ಜಾರಿ ಕೈ ಮುರಿದುಕೊಂಡಳು. ಆಗ ತಮಗೆ ಹೊಳೆದದ್ದು ಸರಪಳಿಯಲ್ಲ, ಹಲಗೆ: 'ಸುರಕ್ಷತೆಯ ದೃಷ್ಟಿಯಿಂದ ಪುರುಷರ ಜೊತೆಯಿಲ್ಲದ ಮಹಿಳೆಯರಿಗೆ ಪ್ರವೇಶವಿಲ್ಲ.' ಸ್ವಾಮಿ, ಬಂಡೆ ಜಾರುವುದು ಹೆಣ್ಣಿನ ಕಾಲಿಗೆ ಮಾತ್ರವೇ? ಪಕ್ಕದಲ್ಲಿ ಗಂಡಸು ನಿಂತರೆ ಅದು ಒರಟಾಗುತ್ತದೆಯೇ? ಗಂಡ ತೀರಿಹೋದದ್ದು ಗುಡ್ಡ ಹತ್ತಲು ನನಗಿರುವ ಅನರ್ಹತೆಯೆಂದು ತಮ್ಮಿಂದಲೇ ನನಗೆ ತಿಳಿಯಿತು.

ಆದರೂ ನಿಮ್ಮ ಆಜ್ಞೆ ಪಾಲಿಸಲು ನೋಡಿದೆವು. ಅಮಾವಾಸ್ಯೆಗೆ ಬಂದ ಕೊಟ್ಟೂರಪ್ಪನನ್ನು ಜತೆಗೆ ಬರಲು ಕೇಳಿದೆ. ಪಾಪ, ಅವನು ಎದ್ದು ನಿಲ್ಲಲೂ ಗೋಡೆ ಹಿಡಿದ. "ಮೂಟಿ ಹೊತ್ತು ಹೊತ್ತು ನಡ ಬಿದ್ದೈತಿ ಅಕ್ಕ. ಗುಡ್ಡ ಎಲ್ಲಿ ಹತ್ತಲಿ? ನೀನ ಕರ್ಕೊಂಡು ಹೋಗು, ನಾ ಬ್ಯಾಡ ಅಂದೀನೇನು?" ಎಂದ. ಗಂಡನ ಒಪ್ಪಿಗೆಯಿತ್ತು, ನಿಮ್ಮದಿರಲಿಲ್ಲ. ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಜಂಬಮ್ಮನ ಸ್ಥಿತಿಯನ್ನೆಲ್ಲ ಬಿಡಿಸಿ ಹೇಳಿದೆ. ನೀವು ನಗುತ್ತಲೇ ಉತ್ತರ ಕೊಟ್ಟಿರಿ: "ನಿಮ್ಮ ಒಳ್ಳೆಯದಕ್ಕೇ ಮಾಡಿದ್ದಮ್ಮ. ವ್ಯಾಯಾಮ ಬೇಕಿದ್ದರೆ ಮನೆಯಲ್ಲಿ ಬೀಸುವ ಕಲ್ಲಿಲ್ಲವೇ?" ಸುತ್ತ ಕೂತವರೂ ನಕ್ಕರು. ನಾನು ಮೆಟ್ಟಿಲಿಳಿದು ಬಂದು ಬೀದಿಯಲ್ಲಿ ಅತ್ತೆ.

ಜಂಬಮ್ಮ ಮತ್ತೆ ಗೋಡೆಗೆ ತಿರುಗಿದಳು. ಒಂದು ಭಾನುವಾರ ನಾನು ಮದುವೆಯವರ ರವಿಕೆಗಳನ್ನು ಕೊಡಲು ಹೋಗಿದ್ದಾಗ ಯಾರಿಗೂ ಹೇಳದೆ ಎದ್ದು ಹೋಗಿದ್ದಾಳೆ. ಹಲಗೆಯ ಹತ್ತಿರ ಕಾವಲಿನ ಎರ್ರಣ್ಣ ತಡೆದಿದ್ದಾನೆ. ಅವನು ಆಮೇಲೆ ಆಸ್ಪತ್ರೆಗೆ ಬಂದು ನನ್ನೆದುರು ನಿಂತ. "ಬಿಟ್ಟಿದ್ರ ನನ್ನ ನೌಕ್ರಿ ಹೋಗ್ತಿತ್ರಿ ಅಮ್ಮಾರ. ಕೈ ಮುಗುದು ವಾಪಸ್ ಕಳಿಸೀನಿ. ಬಸ್ಸಿಗೆ ಹೊಂಟಾಳ ಅನ್ಕಂಡೆ. ಹಿಂದ್ಲಿಂದ ಹತ್ತತಾಳಂತ ನನಗೆಂಗ ಗೊತ್ತಾಗಬೇಕ್ರಿ?" ಅವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಗುಡ್ಡದ ಹಿಂಬದಿಯಲ್ಲಿ ದಾರಿಯೆಂಬುದಿಲ್ಲ, ಆಡುಗಳು ಓಡಾಡುವ ಬಂಡೆಗಳ ಸಂದಿ. ಮೇಲೆ ಅರ್ಧಕ್ಕೆ ಹೋದವಳು ಎರಡು ಬಂಡೆಗಳ ನಡುವೆ ಬಿದ್ದಳು. ಮಧ್ಯಾಹ್ನದ ಮೇಲೆ ಕುರಿ ಹೊಡೆದುಕೊಂಡು ಬಂದ ಪಾಲಯ್ಯನೆಂಬವರಿಗೆ ನರಳುವ ದನಿ ಕೇಳಿಸಿತು. ಅವರು ಊರವರನ್ನು ಕೂಗಿ, ಕಂಬಳಿಯಲ್ಲಿ ಹೊತ್ತು ಇಳಿಸಿದರು. ಅಷ್ಟು ಹೊತ್ತು ಆ ಬಿಸಿಲಲ್ಲಿ, ಕಾದ ಕಲ್ಲಿನ ಮೇಲೆ, ಆಕೆ ಒಬ್ಬಳೇ ಬಿದ್ದಿದ್ದಳು.

ಇದಾದ ಮೇಲೆ ತಾವು ಸುದ್ದಿಗಾರರಿಗೆ ಹೇಳಿದ್ದು ಅಚ್ಚಾಗಿ ಬಂತು: ಮಹಿಳೆಯೊಬ್ಬರು ಬಿದ್ದಿರುವುದರಿಂದ ನಮ್ಮ ಆದೇಶ ಸರಿಯೆಂದು ಸಾಬೀತಾಗಿದೆ, ಇನ್ನು ಹಿಂಬದಿಗೂ ಮುಳ್ಳುತಂತಿ ಹಾಕಿಸುತ್ತೇವೆ. ಒಳ್ಳೆಯ ದಾರಿ ಮುಚ್ಚಿ ಕೆಟ್ಟ ದಾರಿಗೆ ಅಟ್ಟುವುದು, ಅಲ್ಲಿ ಬಿದ್ದವಳನ್ನು ಸಾಕ್ಷಿಯಾಗಿ ತೋರಿಸುವುದು. ಇದಕ್ಕೆ ಸುರಕ್ಷತೆ ಎಂಬ ಹೆಸರನ್ನು ಯಾವ ನಿಘಂಟಿನಿಂದ ತೆಗೆದಿರಿ? ಮುಳ್ಳುತಂತಿಗೆ ಸಿಗುವ ಕಬ್ಬಿಣ ಸರಪಳಿಗೆ ಯಾಕೆ ಸಿಗುವುದಿಲ್ಲ?

ಆಸ್ಪತ್ರೆಯಲ್ಲಿ ಜಂಬಮ್ಮ ಯಾರು ಏನು ಕೊಟ್ಟರೂ ಬಾಯಿಗೆ ಹಾಕುತ್ತಿರಲಿಲ್ಲ. ಕಾಲಿಗೆ ಭಾರ ಕಟ್ಟಿರುವುದರಿಂದ ಗೋಡೆಗೆ ತಿರುಗಲೂ ಆಗದೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಮೊನ್ನೆ ನಾನು ಗಂಜಿ ಹಿಡಿದು ಕೂತಿದ್ದಾಗ ಕಣ್ಣು ತೆರೆದು ಕೇಳಿದಳು.

"ಅಕ್ಕ, ದಾರಿ ಬಿಟ್ಟಾರೇನು?"

"ಬಿಟ್ಟಾರವ್ವ," ಎಂದೆ. "ಹಲಗಿ ಕಿತ್ತು ಹಾಕ್ಯಾರ. ಸರಪಳಿನೂ ಕಟ್ಟ್ಯಾರ."

"ಖರೇನಾ?"

"ನಿನ್ನಾಣಿ."

ಆಕೆ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಗಂಜಿ ಕುಡಿದಳು. ನಿನ್ನೆಯೂ ಕುಡಿದಳು. ದೊಣೆಯಲ್ಲಿ ನೀರು ಎಷ್ಟಿದೆಯೆಂದು ಕೇಳಿದಳು; ಅದಕ್ಕೂ ಏನೋ ಒಂದು ಹೇಳಿದೆ.

ಮಾನ್ಯರೇ, ಪರಿಹಾರ ಕೇಳುತ್ತಿಲ್ಲ, ನಿಮ್ಮ ಮೇಲೆ ಕ್ರಮವನ್ನೂ ಕೇಳುತ್ತಿಲ್ಲ. ಜಂಬಮ್ಮ ಎದ್ದು ಓಡಾಡುವ ಮೊದಲು ಆ ಹಲಗೆ ತೆಗೆಸಿ, ಸರಪಳಿ ಕಟ್ಟಿಸಿ. ಆಕೆ ಕೋಲೂರಿಕೊಂಡು ಗುಡ್ಡದ ಬುಡಕ್ಕೆ ಬಂದು ನಿಂತಾಗ ಎರ್ರಣ್ಣ ಮತ್ತೆ ಕೈ ಮುಗಿದು ಅಡ್ಡ ನಿಂತರೆ ಏನಾಗುತ್ತದೆಂದು ನಾನು ಬಲ್ಲೆ. ನಾನು ಹೇಳಿದ ಸುಳ್ಳನ್ನು ನಿಜ ಮಾಡುವ ಶಕ್ತಿ ಈ ಜಿಲ್ಲೆಯಲ್ಲಿ ನಿಮ್ಮ ಒಂದು ಸಹಿಗೆ ಮಾತ್ರ ಇದೆ.

ಇಂತಿ,
ಆಣೆಯಿಟ್ಟು ಸಿಕ್ಕಿಹಾಕಿಕೊಂಡಿರುವ
ವಿರೂಪಮ್ಮ
ಕೌಲ್ ಬಜಾರ್, ಬಳ್ಳಾರಿ