ಕೊನೆಯ ಎರಡು ಏಟು

ಜನವರಿ 12, 2025. ಭಾನುವಾರ, ಮಧ್ಯಾಹ್ನ 3

ನಾಲ್ಕನೇ ಸ್ಟೇಜಿನಲ್ಲಿ ಮತ್ತೆ ಸತ್ತೆ. ಮೀನು ಮಾರ್ಕೆಟ್, ಚೈನ್ ಹಿಡಿದ ಆ ಅವಳಿಗಳು. ಒಬ್ಬನಿಗೆ ಹೊಡೆಯುವಾಗ ಇನ್ನೊಬ್ಬ ಬೆನ್ನ ಹಿಂದೆ. ಮೂರು ದಿನದಿಂದ ಇದೇ ಗೋಳು. ಹಳೆಯ ಗೇಮಿನಲ್ಲಿ ಶತ್ರುಗಳು ದಡ್ಡರಿದ್ದರು. ಹೊಸದರಲ್ಲಿ ಬುದ್ಧಿ ಬಂದಿದೆ.

'ಐರನ್ ಬಜಾರ್' ಇಪ್ಪತ್ತೇಳು ವರ್ಷದ ನಂತರ ಮತ್ತೆ ಬಂದಿದೆ. ಅದೇ ಬೀದಿ, ಅದೇ ಪುಂಡರು, ಎಡದಿಂದ ಬಲಕ್ಕೆ ಹೊಡೆಯುತ್ತ ಹೋಗುವುದು. ಆಗ ನಾನು ಆಡುತ್ತಿದ್ದ ಲೀಮಾ ಕೂಡ ಇದ್ದಾಳೆ. ತಲೆಯಲ್ಲಿ ಒಂದೆಳೆ ಬಿಳಿ ಕೂದಲು ಬಿಡಿಸಿದ್ದಾರೆ. ಪರವಾಗಿಲ್ಲ, ನನಗೂ ಬಂದಿದೆ.

ಲ್ಯಾಪ್‌ಟಾಪಿಗೆ ಕಂಟ್ರೋಲರ್ ಸಿಕ್ಕಿಸಿ ಕೂತರೆ ಅಮ್ಮ ಬಾಗಿಲಿನಿಂದಲೇ — "ಮೂವತ್ತೇಳು ವರ್ಷ ಆಯ್ತು, ಎಂತ ಗುದ್ದಾಟ ಮಾರಾಯ್ತಿ ಇದು?"

ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಎಂಬತ್ತು ಜನರ ರಕ್ತ ತೆಗೆಯುತ್ತೇನೆ. ಎಲ್ಲರಿಗೂ "ಸ್ವಲ್ಪ ಚುಚ್ಚುತ್ತದೆ, ಅಷ್ಟೆ" ಎಂದು ನಗುತ್ತೇನೆ. ಮನೆಗೆ ಬಂದು ಯಾರಿಗಾದರೂ ಹೊಡೆಯಬೇಕು. ಇದು ಯಾರಿಗೂ ನೋಯುವುದಿಲ್ಲ.

ಜನವರಿ 14. ಮಂಗಳವಾರ

ಪೆನ್ನು ಒತ್ತಿ ಒತ್ತಿ ಹಾಳೆ ಹರಿಯಿತು. ಅಕ್ಷರ ಹೀಗೇ ಬರಲಿ.

ದಿಶಾಂತಣ್ಣ ಹೊಸ ವಿಡಿಯೋ ಹಾಕಿದ್ದಾನೆ. ದುಬೈಯಲ್ಲಿ ಕೆಲಸ ಹೋಗಿ ಊರಿಗೆ ಬಂದ ಮೇಲೆ ಕಡಬದಲ್ಲಿ ಮೊಬೈಲ್ ಅಂಗಡಿ, ಜೊತೆಗೆ ಹಳೆಯ ಗೇಮುಗಳ ಬಗ್ಗೆ ಒಂದು ಚಾನೆಲ್. ಹನ್ನೊಂದು ಸಾವಿರ ಜನ ನೋಡುತ್ತಾರೆ. ಲ್ಯಾಬಿನ ಹೇಮಶ್ರೀ ಟೀ ಹೊತ್ತಿಗೆ ಫೋನ್ ತೋರಿಸಿದಳು — "ನಿಮ್ಮ ಅಣ್ಣ ಭಾರೀ ಫೇಮಸ್ ಆಗಿದ್ದಾರಲ್ಲ!"

ವಿಡಿಯೋದ ಹೆಸರು: 'ಪುತ್ತೂರಿನಲ್ಲಿ ಐರನ್ ಬಜಾರ್ ಮೊದಲು ಮುಗಿಸಿದ್ದು ನಾನು.'

ನಾನು ಅಂತೆ!

ಬಸ್‌ಸ್ಟ್ಯಾಂಡಿನ ಹಿಂದೆ ಬೀಫಾತುಮ್ಮನ ವಿಡಿಯೋ ಗೇಮ್ ಪಾರ್ಲರ್. ನಾಲ್ಕು ಮಷಿನ್. ಶಾಲೆ ಬಿಟ್ಟ ಮೇಲೆ ನಮ್ಮೂರು ಕುಂಬ್ರದ ಬಸ್ಸಿಗೆ ಮುಕ್ಕಾಲು ಗಂಟೆ ಇರುತ್ತಿತ್ತು. ಅಣ್ಣನಿಗೆ ಹದಿನಾಲ್ಕು, ನನಗೆ ಹತ್ತು. ತಂಗಿಯನ್ನು ಹೊರಗೆ ಬಿಡುವುದು ಹೇಗೆಂದು ಒಳಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಬೇರೆ ಹುಡುಗಿಯರಿರಲಿಲ್ಲ. ಮೊದಲು ನೋಡುತ್ತಿದ್ದೆ. ಆಮೇಲೆ ಆಡಿದೆ. ಆಮೇಲೆ ಎಲ್ಲರೂ ನಾನು ಆಡುವುದನ್ನು ನೋಡುತ್ತಿದ್ದರು.

ಅವನು ಕ್ಯಾಮೆರಾದ ಎದುರು ನಗುತ್ತ ಹೇಳುತ್ತಾನೆ — "ನನಗೆ ಜಾಯ್‌ಸ್ಟಿಕ್ ಎಟುಕುತ್ತಿರಲಿಲ್ಲ ಮಾರಾಯ್ರೆ. ಸೋಡಾ ಪೆಟ್ಟಿಗೆ ಮೇಲೆ ನಿಂತು ಆಡುದು."

ಸುಳ್ಳ! ಹದಿನಾಲ್ಕಕ್ಕೇ ಅಪ್ಪನಷ್ಟು ಎತ್ತರ ಇದ್ದೆ ನೀನು. ಆ ಪೆಟ್ಟಿಗೆ ನನ್ನದು. ಅದರ ಮರದ ಸಿಬಿರು ನನ್ನ ಕಾಲಿಗೆ ಚುಚ್ಚಿದ್ದು.

ನಡುವೆ ಬೀಫಾತುಮ್ಮ ಹತ್ತು ಸೆಕೆಂಡು ಬರುತ್ತಾರೆ. ಹಲ್ಲಿಲ್ಲ, ಕಣ್ಣು ಮಾತ್ರ ಹಾಗೇ. "ಆ ಮಗು ಆಡುದು ನೋಡ್ಲಿಕ್ಕೆ ಜನ ಸೇರ್ತಿತ್ತು." ಅಷ್ಟೆ. ಆ ಮಗು ಯಾರೆಂದು ಇಲ್ಲ. ಮರುಕ್ಷಣ ಅಣ್ಣನ ಮುಖ.

ಜನವರಿ 15

ಅವನಿಗೆ ಫೋನ್ ಮಾಡಲು ಹೊರಟೆ. ಅಮ್ಮ ಕೈ ಹಿಡಿದಳು.

"ಬಿಡು ಸುಪ್ಪಿ. ಎರಡು ವರ್ಷ ಆಗಿತ್ತು ಅವ ನಗಾಡದೆ. ಆ ಚಾನೆಲ್ ಬಂದ ಮೇಲೆ ಸ್ವಲ್ಪ ಮನುಷ್ಯ ಆಗಿದ್ದಾನೆ. ನಿನಗೆ ಎಂತ ಹೋಗುದು ಅದರಲ್ಲಿ?"

ಎಂತ ಹೋಗುದು. ಹೌದಲ್ಲ. ಸುಪ್ರಿತಾಳಿಗೆ ಎಂತ ಹೋಗುದು?

ಆ ಪಾರ್ಲರಿನಿಂದ ಅಪ್ಪ ನನ್ನನ್ನು ಜಡೆ ಹಿಡಿದು ಎಳೆದುಕೊಂಡು ಬಂದದ್ದು. ಬಸ್‌ಸ್ಟ್ಯಾಂಡಿನ ಇಡೀ ಜನ ನೋಡಿದ್ದು. ಮರುದಿನದಿಂದ ಶಾಲೆಯಲ್ಲಿ 'ಪಾರ್ಲರ್ ಹುಡುಗಿ'. ಎಸ್ಸೆಸ್ಸೆಲ್ಸಿಯವರೆಗೂ. ಅವತ್ತು ನಾನು ಕೊನೆಯ ಬಾಸ್ ಹತ್ತಿರ ಇದ್ದೆ, ಬಂದರಿನಲ್ಲಿ ಕ್ರೇನಿನ ಕೊಕ್ಕೆ ಬೀಸುವ ಆ ದಡಿಯ. ಅವನ ಲೈಫ್ ಗೆರೆಯಷ್ಟು ಉಳಿದಿತ್ತು. ಅಪ್ಪನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಅಪ್ಪ ತೀರಿಹೋಗಿ ಎಂಟು ವರ್ಷ ಆಯಿತು. ಕೇಳಲೇ ಇಲ್ಲ.

ಫೋನ್ ಮಾಡಲಿಲ್ಲ. ಅಮ್ಮ ಗೆದ್ದಳು.

ಜನವರಿ 19. ಭಾನುವಾರ

ಅವಳಿಗಳು ಸತ್ತರು. ಐದನೇ ಸ್ಟೇಜ್, ಆರನೇ ಸ್ಟೇಜ್. ಹೆಬ್ಬೆರಳಿನಲ್ಲಿ ಬೊಬ್ಬೆ. ಸಿಟ್ಟಿನಲ್ಲಿ ಆಡಿದರೆ ಸಾಯುತ್ತೇನೆ, ತಣ್ಣಗೆ ಆಡಿದರೆ ಬದುಕುತ್ತೇನೆ. ತಣ್ಣಗೆ ಸಿಟ್ಟು ಮಾಡಿಕೊಳ್ಳುವುದನ್ನು ಕಲಿಯುತ್ತಿದ್ದೇನೆ.

ಜನವರಿ 25

ಮುಗಿಸಿದೆ. ಅತಿ ಕಷ್ಟದ ಮೋಡಿನಲ್ಲಿ, ಲೀಮಾ ಒಬ್ಬಳೇ. ಬಾಸ್ ಅದೇ ಕ್ರೇನಿನವನು, ಈಗ ಮುದುಕ. ಸಂಜೆ ನಾಲ್ಕೂವರೆ. ಅಮ್ಮ ಹಪ್ಪಳ ಕಾಯಿಸುತ್ತಿದ್ದಳು. ಯಾರಿಗೆ ಹೇಳುವುದು?

ಜನವರಿ 27. ಸೋಮವಾರ

ಬೆಳಿಗ್ಗೆ ಒಂಬತ್ತು. ಟೋಕನ್ ಹದಿನಾರು. ರಮ್ಲತ್ ಎಂಬವರು ತಾಯಿಯನ್ನು ಶುಗರ್ ಟೆಸ್ಟಿಗೆ ಕರೆದುಕೊಂಡು ಬಂದಿದ್ದರು. ಹೆಸರು ನೋಡಿದೆ — ಬೀಫಾತುಮ್ಮ, ಕುಂಬ್ರ.

ತೋಳಿಗೆ ಪಟ್ಟಿ ಕಟ್ಟುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ನೀನು ಸಂಕಪ್ಪಣ್ಣನ ಮಗಳಲ್ವಾ? ಪೆಟ್ಟಿಗೆ ಮೇಲೆ ನಿಂತು ಆಡುವವಳು?"

ಹೌದು ಎಂದೆ.

"ನಿನ್ನ ಅಣ್ಣ ಮೊನ್ನೆ ಕ್ಯಾಮೆರಾ ಹಿಡ್ಕೊಂಡು ಮನೆಗೆ ಬಂದಿದ್ದ. ನಾನು ನಿನ್ನದೇ ಹೇಳಿದ್ದು, ಪೂರ್ತಿ. ಹಾಕಿದ್ದಾನಲ್ಲ?"

"ಸ್ವಲ್ಪ ಹಾಕಿದ್ದಾನೆ."

"ಆ ದಿವಸದ್ದು ಹಾಕ್ಲಿಲ್ವಾ? ನಿನ್ನ ಅಪ್ಪ ಬಂದದ್ದು?"

ರಮ್ಲತ್ ಸನ್ನೆ ಮಾಡಿದರು — ಸಾಕು ಉಮ್ಮ. ಮುದುಕಿ ನಿಲ್ಲಿಸಲಿಲ್ಲ. ಸೂಜಿ ಒಳಗಿತ್ತು. ಟ್ಯೂಬ್ ತುಂಬುತ್ತಿತ್ತು.

"ನೀನು ಸ್ಕ್ರೀನ್ ನೋಡ್ತಿದ್ದೆ, ನಿನಗೆ ಕಾಣ್ಲಿಲ್ಲ. ನಾನು ಕೌಂಟರಿನಲ್ಲಿದ್ದೆ, ನನಗೆ ಕಂಡಿತು. ನಿನ್ನ ಅಪ್ಪನನ್ನು ಕರ್ಕೊಂಡು ಬಂದದ್ದೇ ನಿನ್ನ ಅಣ್ಣ. ಬಾಗಿಲ ಹತ್ರ ನಿಂತು ಬೆರಳು ತೋರಿಸಿದ. ಅವರು ನಿನ್ನನ್ನು ಎಳ್ಕೊಂಡು ಹೋದರಲ್ಲ, ಇವ ಬಂದು ಜಾಯ್‌ಸ್ಟಿಕ್ ಹಿಡಿದ. ಕೊನೆಯ ಎರಡು ಏಟು ಅವನದು. ಮಷಿನಿನಲ್ಲಿ ಹೆಸರೂ ಅವನದೇ ಬರೆದ. ನಾನು ಬೈದೆ ಮಗಳೇ. ಅವ ಹೋಗ್ಲಿಲ್ಲ, ಬರೆದೇ ಹೋದದ್ದು."

ಸೂಜಿ ತೆಗೆದೆ. ಹತ್ತಿ ಒತ್ತಿದೆ. ಕೈ ಮಡಚಿ ಎಂದೆ. ಒಂದು ಹನಿ ಕೂಡ ಚೆಲ್ಲಲಿಲ್ಲ.

ಆಮೇಲೆ ಸ್ಟೋರ್ ರೂಮಿಗೆ ಹೋಗಿ ಗ್ಲೌಸಿನ ಡಬ್ಬಿಯನ್ನು ಗೋಡೆಗೆ ಎಸೆದೆ.

ಜನವರಿ 28

ಅಪ್ಪನನ್ನು ದ್ವೇಷಿಸಿದ್ದೆ. ಅಷ್ಟು ವರ್ಷ. ಚಾಡಿ ಹೇಳಿದವನ ಕೈಗೆ, ಅವನು ಊರಲ್ಲಿದ್ದ ಪ್ರತಿ ಆಗಸ್ಟಿನಲ್ಲಿ ರಾಖಿ ಕಟ್ಟಿದ್ದೇನೆ.

ಫೆಬ್ರವರಿ 2. ಭಾನುವಾರ, ಸಂಜೆ 5

ಕಡಬಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ಇಡೀ ದಾರಿ ವಾಕ್ಯ ಜೋಡಿಸುತ್ತಿದ್ದೆ. ಅಂಗಡಿಯಲ್ಲಿ ಒಂದೂ ನೆನಪಾಗಲಿಲ್ಲ.

ಅವನು ಯಾರದೋ ಫೋನಿನ ಗ್ಲಾಸ್ ಅಂಟಿಸುತ್ತಿದ್ದ. "ಓ ಸುಪ್ಪಿ! ಚಾ ಕುಡೀತೀಯಾ?"

"ಬೀಫಾತುಮ್ಮ ಸಿಕ್ಕಿದ್ರು."

ಗ್ಲಾಸಿನ ಅಡಿಯಲ್ಲಿ ಗಾಳಿ ಗುಳ್ಳೆ ಉಳಿಯಿತು. ಅದನ್ನೇ ಒರೆಸುತ್ತ ಕೂತ. ಗಿರಾಕಿ ಹೋದ ಮೇಲೆ ತಲೆ ಎತ್ತಿದ.

"ನಾನು ಆಗ ಹದಿನಾಲ್ಕು ವರ್ಷದವ ಮಾರಾಯ್ತಿ."

"ಈಗ ನಲವತ್ತೊಂದು. ಅವರ ಮಾತು ಕತ್ತರಿಸಿದ್ದು ಹದಿನಾಲ್ಕು ವರ್ಷದವನಾ?"

"ನಿನಗೆ ಅರ್ಥ ಆಗುದಿಲ್ಲ. ನನ್ನ ಕ್ಲಾಸಿನವರು ಎಲ್ಲ ಅಲ್ಲಿ ಬರ್ತಿದ್ದರು. 'ನಿನ್ನ ತಂಗಿಯನ್ನು ಕಳಿಸು, ನೀನು ಬೇಡ' ಅಂತ ನಗಾಡುದು. ದಿನಾ. ನಾನು ಮುಗಿಸಬೇಕು ಅಂತ ಎರಡು ತಿಂಗಳು ಒದ್ದಾಡಿದ್ದು ಗೊತ್ತುಂಟಾ? ನೀನು ಬಂದು ಆಟದ ಹಾಗೆ..."

"ಅದು ಆಟವೇ ಅಣ್ಣ."

ಒರೆಸುವ ಬಟ್ಟೆಯನ್ನು ಮಡಚತೊಡಗಿದ. ಒಂದು ಕ್ಷಣ ಪಾಪ ಅನಿಸಿತು. ಆ ಕ್ಷಣಕ್ಕಾಗಿ ನನ್ನ ಮೇಲೇ ಸಿಟ್ಟು ಈಗ.

"ಅವರು ಹೇಳಿದ್ದನ್ನು ಪೂರ್ತಿ ಹಾಕು," ಎಂದೆ.

"ಆಗುದಿಲ್ಲ. ಜನ ನನ್ನನ್ನು ಸುಳ್ಳುಗಾರ ಅಂತಾರೆ. ಇಷ್ಟು ಮಾಡ್ಲಿಕ್ಕೆ ನನಗೆ ಎಷ್ಟು ಕಷ್ಟ ಆಗಿದೆ ನಿನಗೆ ಗೊತ್ತಿಲ್ಲ."

"ಮುಂದಿನ ಭಾನುವಾರ ಇಲ್ಲಿ ಲೈವ್ ಉಂಟಲ್ಲ, ಹೊಸ ಗೇಮಿನದ್ದು? ಎರಡನೇ ಕಂಟ್ರೋಲರ್ ಇಟ್ಟಿರು. ನಾನು ಬರ್ತೇನೆ."

ನಕ್ಕುಬಿಟ್ಟ, ಬಚಾವಾದೆ ಎಂಬಂತೆ. "ಬಾ ಬಾ. ಬಟನ್ ಯಾವುದು ಅಂತ ನೆನಪುಂಟಾ ನಿನಗೆ?"

ಫೆಬ್ರವರಿ 5

ದಿನಕ್ಕೆ ಎರಡು ಗಂಟೆ. ಅಮ್ಮ ಕೇಳುವುದನ್ನು ಬಿಟ್ಟಿದ್ದಾಳೆ.

ಫೆಬ್ರವರಿ 9. ಭಾನುವಾರ, ಸಂಜೆ 6.30

ಕ್ರಮವಾಗಿ ಬರೆಯಬೇಕು.

ಅಂಗಡಿಯಲ್ಲಿ ಸುಮಾರು ಇಪ್ಪತ್ತು ಜನ. ಪಕ್ಕದ ಪಂಚರ್ ಅಂಗಡಿಯ ದೇರಣ್ಣ ಮುಂದಿನ ಸ್ಟೂಲಿನಲ್ಲಿ. ದೊಡ್ಡ ಟಿವಿ. ಮೂರು ಗಂಟೆಗೆ ಲೈವ್ ಶುರು. ಫೋನಿನಲ್ಲಿ ನಾನೂರು ಚಿಲ್ಲರೆ ಜನ.

ಅಣ್ಣ ಮೈಕಿನಲ್ಲಿ — "ಇವತ್ತು ನನ್ನ ತಂಗಿ ಜೊತೆಗಿದ್ದಾಳೆ. ಅವಳಿಗೆ ಅಷ್ಟು ಬರುದಿಲ್ಲ, ಆದ್ರೂ ಆಸೆ ನೋಡಿ." ಚಪ್ಪಾಳೆ.

ಅವನು ಆಡಲು ದಡಿಯ ಬ್ರೂಕ್ ಎಂಬ ಹೀರೋನನ್ನು ತೆಗೆದುಕೊಂಡ. ನಾನು ಲೀಮಾ. ಮೊದಲ ಸ್ಟೇಜಿನಲ್ಲಿ ಅವನು ಹೇಳಿಕೊಡುತ್ತಿದ್ದ — ಅಲ್ಲಿ ಹಾರು, ಇಲ್ಲಿ ಒದೆ. ಎರಡನೆಯದರಲ್ಲಿ ಹೇಳುವುದು ಕಡಿಮೆಯಾಯಿತು. ಮೀನು ಮಾರ್ಕೆಟಿನಲ್ಲಿ ಅವಳಿಗಳನ್ನು ನಾನೊಬ್ಬಳೇ ಮುಗಿಸಿದಾಗ ಪೂರ್ತಿ ನಿಂತಿತು. ಹಿಂದಿನಿಂದ ಯಾರೋ — "ಅಕ್ಕ ಭಯಂಕರ ಮಾರಾಯ!"

ಚೆನ್ನಾಗಿಯೇ ಆಡುತ್ತಾನೆ. ಅದನ್ನೂ ಬರೆಯಬೇಕು. ಆದರೆ ಪೆಟ್ಟು ಬಿದ್ದರೆ ತಾಳ್ಮೆ ಇಲ್ಲ. ಬಂದರಿನಲ್ಲಿ ಬಾಸ್ ಬಂದ ಕೂಡಲೇ ನುಗ್ಗಿದ, ಕೊಕ್ಕೆಗೆ ಸಿಕ್ಕಿದ, ಸತ್ತ. ಅವನ ಲೈಫ್ ಮುಗಿದಿತ್ತು. ಹೊಸ ಗೇಮಿನಲ್ಲಿ ಪಾರ್ಟ್ನರಿಗೆ ನಮ್ಮ ಒಂದು ಲೈಫ್ ಕೊಡಬಹುದು, ಒಂದು ಬಟನ್ ಒತ್ತಿದರೆ ಸಾಕು. ನನ್ನ ಹತ್ತಿರ ಮೂರಿತ್ತು.

"ಕೊಡು ಸುಪ್ಪಿ ಒಂದು."

ಕೊಡಲಿಲ್ಲ. ಬಾಸ್ ಕೊಕ್ಕೆ ಬೀಸುತ್ತಿದ್ದ, ನಾನು ಅಡಿಯಲ್ಲಿ ನುಸುಳಿದೆ.

"ನೋಡಿ ಮಾರಾಯ್ರೆ," ಅಣ್ಣ ಮೈಕಿಗೆ ನಕ್ಕ. "ಸ್ವಂತ ಅಣ್ಣನಿಗೆ ಲೈಫ್ ಕೊಡುದಿಲ್ಲ."

ಆಗ ಹೇಳಿದೆ. ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ಧ್ವನಿ ಏರಿಸಲಿಲ್ಲ. ಲ್ಯಾಬಿನಲ್ಲಿ ರಿಪೋರ್ಟ್ ಓದಿದ ಹಾಗೆ.

"ಪುತ್ತೂರಿನಲ್ಲಿ ಈ ಗೇಮ್ ಮುಗಿಸಿದ್ದು ಇವನಲ್ಲ. ನಾನು ಆಡ್ತಿದ್ದೆ. ನನಗೆ ಹತ್ತು ವರ್ಷ. ಇದೇ ಬಾಸ್. ಇವನೇ ಹೋಗಿ ಅಪ್ಪನನ್ನು ಕರ್ಕೊಂಡು ಬಂದ. ಅಪ್ಪ ನನ್ನ ಜಡೆ ಹಿಡಿದು ಎಳೆದ್ರು. ಇವ ಕೊನೆಯ ಎರಡು ಏಟು ಹೊಡೆದು ಅವನ ಹೆಸರು ಬರೆದ. ಬೀಫಾತುಮ್ಮ ಇದನ್ನೇ ಇವನ ಕ್ಯಾಮೆರಾದಲ್ಲಿ ಹೇಳಿದ್ದಾರೆ. ಇವ ಕತ್ತರಿಸಿದ."

ಅಣ್ಣ ಮೈಕ್ ಆಫ್ ಮಾಡಿದ. ಆದರೆ ನನ್ನ ಮಾತು ಆಗಲೇ ಲೈವಿನಲ್ಲಿ ಹೋಗಿತ್ತು.

ದೇರಣ್ಣ ತಿರುಗಿ ಕೇಳಿದರು — "ಹೌದಾ ದಿಶಾಂತ?"

ಅಣ್ಣ ಕಂಟ್ರೋಲರನ್ನು ಕೌಂಟರಿನ ಮೇಲಿಟ್ಟು ಹೊರಗೆ ಹೋದ. ಬೈಕ್ ಸ್ಟಾರ್ಟ್ ಆದದ್ದು ಕೇಳಿಸಿತು. ಬಾಸಿನ ಲೈಫ್ ಇನ್ನೂ ಅರ್ಧ ಇತ್ತು. ನಾನು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಮುಗಿಸಿಯೇ ಎದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ.

ಶಟರ್ ಎಳೆದು ದೇರಣ್ಣನ ಕೈಯಲ್ಲಿ ಕೀ ಕೊಟ್ಟು ಬಂದೆ.

ಫೆಬ್ರವರಿ 10

ಅಮ್ಮನಿಗೆ ಯಾರೋ ತೋರಿಸಿದ್ದಾರೆ.

"ಊರೆದುರು ಅವನ ಮರ್ಯಾದೆ ತೆಗೆದೆಯಲ್ಲ."

"ನನ್ನದನ್ನು ಅವನು ಬಸ್‌ಸ್ಟ್ಯಾಂಡಿನಲ್ಲಿ ತೆಗೆದದ್ದು ನಿನಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತಲ್ಲ."

ಅಮ್ಮ ಸೆರಗಿನ ತುದಿ ಹಿಡಿದುಕೊಂಡು ನಿಂತಳು. ಆಮೇಲೆ — "ನನಗೆ ಗೊತ್ತಿತ್ತು. ಅವತ್ತು ರಾತ್ರೆಯೇ ಅವ ಹೇಳಿದ, ಅತ್ತುಕೊಂಡು. ನಿನಗೆ ಹೇಳಬೇಡ ಅಂದೆ ನಾನೇ. ಇಬ್ಬರೂ ಒಂದೇ ಮನೆಯಲ್ಲಿ ಬೆಳೀಬೇಕಲ್ಲ."

ಇನ್ನು ಎಷ್ಟು ಜನರ ಮೇಲೆ ಸಿಟ್ಟು ಮಾಡುವುದು? ಕೈಯೇ ಸಾಲುವುದಿಲ್ಲ.

ಫೆಬ್ರವರಿ 13. ಗುರುವಾರ

ಮೂರು ದಿನ ಅಂಗಡಿ ಮುಚ್ಚಿತ್ತಂತೆ. ಇವತ್ತು ಬೆಳಿಗ್ಗೆ ಅವನ ಚಾನೆಲಿನಲ್ಲಿ ಒಂದು ವಿಡಿಯೋ. ಹೆಸರಿಲ್ಲ, ಮ್ಯೂಸಿಕ್ ಇಲ್ಲ. ಬೀಫಾತುಮ್ಮ ಮಾತ್ರ, ಹದಿನೇಳು ನಿಮಿಷ, ಎಲ್ಲೂ ಕತ್ತರಿಸಿಲ್ಲ. ಹಳೆಯ ವಿಡಿಯೋ ಡಿಲೀಟ್ ಮಾಡಿದ್ದಾನೆ.

ಸಮಾಧಾನ ಆಗಬೇಕಿತ್ತು. ಕೊನೆಯವರೆಗೂ ನೋಡಿದ್ದು ತಪ್ಪಾಯಿತು. ಕೊನೆಯಲ್ಲಿ ಮುದುಕಿ ಕೇಳುತ್ತಾರೆ — "ಆ ಮಗು ಈಗಲೂ ಆಡ್ತಾಳಾ?" ಕ್ಯಾಮೆರಾದ ಹಿಂದಿನಿಂದ ಅಣ್ಣನ ಧ್ವನಿ — "ಇಲ್ಲ. ಅವಳಿಗೆ ಅದೆಲ್ಲ ಮರೆತುಹೋಗಿದೆ."

ಅಷ್ಟು ಸಲೀಸಾಗಿ. ಒಮ್ಮೆ ಫೋನ್ ಮಾಡಿ ಕೇಳಿರಲಿಲ್ಲ. ಮರೆತುಹೋಗಿರಬೇಕು ಎಂದು ಆಸೆ ಇತ್ತು ಅವನಿಗೆ.

ಕೆಳಗೆ ಜನ ಬರೆದಿದ್ದಾರೆ: ದೊಡ್ಡ ಮನಸ್ಸು ಬ್ರೋ. ಒಪ್ಪಿಕೊಂಡಿರಲ್ಲ, ಗ್ರೇಟ್. ಇನ್ನೂರ ಮೂವತ್ತು ಲೈಕ್.

ಇದರಲ್ಲೂ ಅವನೇ ಹೀರೋ.

ಫೆಬ್ರವರಿ 16. ಭಾನುವಾರ, ಬೆಳಿಗ್ಗೆ 10

ಅಣ್ಣ ಬಂದಿದ್ದಾನೆ. ಗೇಟಿನ ಹೊರಗೆ ಬೈಕ್ ನಿಲ್ಲಿಸಿ ಅದರ ಮೇಲೇ ಕೂತಿದ್ದಾನೆ. ಅಮ್ಮ ಎರಡು ಸಲ ಕರೆದಳು. "ಸುಪ್ಪಿ ಕರೆದ್ರೆ ಬರ್ತೇನೆ" ಅಂದನಂತೆ. ಹೆಲ್ಮೆಟ್ ತೆಗೆದಿಲ್ಲ.

ಕ್ಷಮೆ ಕೇಳಲು ಬಂದಿರಬೇಕು. ಕೇಳಲಿ. ಅದು ನನಗೆ ಬೇಡ. ನನಗೆ ಒಂದು ವಿಷಯ ಗೊತ್ತಾಗಬೇಕು, ಒಂದೇ. ಅದನ್ನು ಇಲ್ಲಿ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಅವನ ಮುಖ ನೋಡಿದ ಕೂಡಲೇ ಮರೆಯುತ್ತೇನೆ.

ಅಪ್ಪ ಎಳೆದುಕೊಂಡು ಹೋಗುವಾಗ ನಾನು ಅಣ್ಣಾ ಎಂದು ಕೂಗಿದ್ದೆ. ಬಸ್‌ಸ್ಟ್ಯಾಂಡಿನವರೆಗೂ. ಆಗ ನೀನು ತಿರುಗಿ ನೋಡಿದೆಯಾ, ಅಥವಾ ಆ ಎರಡು ಏಟು ಹೊಡೆಯುತ್ತಿದ್ದೆಯಾ?