ಕೆಂಗೇರಿ ದಾಟಿದ ಮೇಲೆ

ಮೂಡಲಪಾಳ್ಯ, ಬೆಂಗಳೂರು
8 ಜೂನ್ 2025, ಭಾನುವಾರ

ನನ್ನ ಮಗಳು ರಾಗಿಣಿಗೆ,

ನಿನಗೂ ಅಳಿಯಂದಿರಿಗೂ ಪುಟಾಣಿ ಕೀರ್ತನಾಳಿಗೂ ಅಮ್ಮನ ಆಶೀರ್ವಾದ. ಸುಳ್ಯದ ಕಡೆ ಮಳೆ ಹಿಡಿದಿದೆ ಎಂದು ಟಿ.ವಿ.ಯಲ್ಲಿ ನೋಡಿದೆ. ಸರಿಯಾಗಿ ಒಣಗದ ಬಟ್ಟೆಯನ್ನು ಮಗುವಿಗೆ ಹಾಕಬೇಡ.

ಹಡಗಿನಿಂದ ಇಳಿದು ಹದಿನೆಂಟು ದಿನವಾಯಿತು. ಬಂದ ತಕ್ಷಣ ಬರೆಯುತ್ತೇನೆ ಎಂದಿದ್ದವಳು ಬರೆಯಲಿಲ್ಲ, ತಪ್ಪಾಯಿತು. ಮೊದಲ ಮೂರು ದಿನ ಮನೆಯ ನೆಲವೇ ತೂಗುತ್ತಿತ್ತು. ಒಲೆ ಮುಂದೆ ನಿಂತರೆ ಕಟ್ಟೆ ಹಿಡಿದುಕೊಳ್ಳಬೇಕಾಗುತ್ತಿತ್ತು. ಆಮೇಲೆ ಸ್ಕೂಲು ಶುರುವಾಗಿ ಯೂನಿಫಾರಂ ಹೊಲಿಗೆ ರಾಶಿ ಬಿತ್ತು. ಇವೆಲ್ಲ ನೆಪ ಅನ್ನು. ನಿಜ ಏನೆಂದರೆ ಈ ಕಾಗದವನ್ನು ಎರಡು ಸಲ ಬರೆದು ಹರಿದು ಹಾಕಿದೆ. ಫೋನ್ ಮಾಡಿದರೆ ನೀನು "ಸರಿ ಅಮ್ಮ, ಆಮೇಲೆ ಮಾತಾಡೋಣ" ಎಂದು ಇಟ್ಟುಬಿಡುತ್ತೀಯ. ವಾಟ್ಸಾಪ್‌ನಲ್ಲಿ ಹಾಕಿದರೆ ನಿನ್ನ ತಮ್ಮ ಜೀವನ್ ನನ್ನ ಫೋನ್ ತೆಗೆದುಕೊಂಡು ಓದುತ್ತಾನೆ. ಕಾಗದವಾದರೆ ಮಧ್ಯೆ ಬಾಯಿ ಹಾಕುವವರು ಇರುವುದಿಲ್ಲ, ನೀನೂ ಸೇರಿ.

ಹೊರಡುವ ಹಿಂದಿನ ದಿನ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಕೆಂಗೇರಿ ದಾಟೋದ್ರೊಳಗೆ ವಾಂತಿ ಮಾಡ್ಕೊಳ್ಳೋಳು ನೀನು, ಸಮುದ್ರಕ್ಕೆ ಹೋಗ್ತೀಯಾ?" ಎಂದು ನೀನು ನಕ್ಕೆ. ನಾನೂ ನಕ್ಕೆ, ಆ ತಮಾಷೆಗೆ ನಗುವುದು ಅಭ್ಯಾಸವಾಗಿಬಿಟ್ಟಿದೆ. ನಾಮಕರಣ, ಮದುವೆ, ಗೃಹಪ್ರವೇಶ, ಎಲ್ಲಿ ನೆಂಟರು ಸೇರಿದರೂ ನಾನು ಊರಂಚಿನ ಕೆಂಗೇರಿಯನ್ನೂ ದಾಟದ ಪುಟ್ಟಲಕ್ಷ್ಮಿ. ಆಮೇಲೆ ನೀನು ಇನ್ನೊಂದು ಮಾತೂ ಹೇಳಿದೆ. "ನಮ್ಮನೆಗೆ ಒಂದೇ ಒಂದು ಸಲ ಬರಕ್ಕಾಗ್ಲಿಲ್ಲ ನಿಂಗೆ. ಹಡಗಿಗೆ ಮಾತ್ರ ಆಗುತ್ತೆ" ಎಂದೆ. ಆಗ ನೀನು ನಗಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅಮ್ಮ ನಿನ್ನ ಹೊಸ್ತಿಲು ತುಳಿದಿಲ್ಲ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇತ್ತು, ಕೊಡುವ ಧೈರ್ಯ ಇರಲಿಲ್ಲ.

ಈಗ ಕೇಳು. ಈ ಹಡಗಿನ ಹುಚ್ಚು ಹತ್ತಿಸಿದವಳು ಶಶಿಕಲಾ, ದೀಪಾಂಜಲಿ ನಗರದಲ್ಲಿರುವ ರಿಟೈರ್ಡ್ ಗಣಿತದ ಮೇಡಂ. ಬ್ಲೌಸ್ ಹೊಲಿಸಲು ಬರುತ್ತಿದ್ದವಳು ಗೆಳತಿಯಾದಳು. ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಮತ್ತೆ ಮುಂಬಯಿ, ಐದು ದಿನ, ನೀನೂ ಬಾ ಎಂದಳು. ನನಗಾಗುವುದಿಲ್ಲ ಎಂದೆ. "ಆಗಲ್ಲ ಅಂತ ಯಾರು ಹೇಳಿದ್ದು, ಡಾಕ್ಟರಾ?" ಎಂದು ಕೇಳಿದಳು. ಯೋಚಿಸಿದೆ. ಯಾವ ಡಾಕ್ಟರೂ ಹೇಳಿರಲಿಲ್ಲ. ಅತ್ತೆ ಹೇಳಿದ್ದರು, ನಿಮ್ಮಪ್ಪ ಹೇಳಿದ್ದರು, ನೀವೆಲ್ಲ ಹೇಳಿದ್ದಿರಿ. ನಾನು ಒಪ್ಪಿಕೊಂಡಿದ್ದೆ.

ಮರುದಿನವೇ ಚಂದ್ರಾ ಲೇಔಟಿನ ಡಾಕ್ಟರ್ ಗೋಪೀನಾಥರ ಹತ್ತಿರ ಹೋದೆ. ಪ್ರಯಾಣಕ್ಕೆ ಮುಂಚೆ ಏನು ತಿನ್ನುತ್ತೀರಿ ಎಂದು ಕೇಳಿದರು. ಏನೂ ಇಲ್ಲ ಸಾರ್, ಹಿಂದಿನ ದಿನದಿಂದಲೇ ಉಪವಾಸ, ಹೊಟ್ಟೆಯಲ್ಲಿ ಇದ್ದರೆ ತಾನೇ ಬರುವುದು ಎಂದೆ. ಅದು ನಿನ್ನ ಅಜ್ಜಿ ಕಲಿಸಿದ್ದು, ನಿನಗೂ ಗೊತ್ತು. ಹಿಂದಿನ ಸೀಟು, ಕೆಳಗೆ ನ್ಯೂಸ್ ಪೇಪರ್, ಮೂಗಿಗೆ ನಿಂಬೆಹಣ್ಣು, ಕಣ್ಣು ಮುಚ್ಚಿ ತಲೆ ಬಗ್ಗಿಸಿ ಕುಳಿತುಕೊಳ್ಳುವುದು. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಖಾಲಿ ಹೊಟ್ಟೇಲೇ ಜಾಸ್ತಿ ತೊಳಸೋದು ಕಣಮ್ಮ. ಯಾರಮ್ಮ ಹೇಳ್ಕೊಟ್ಟಿದ್ದು ನಿಮಗೆ?" ಎಂದರು. "ನಿಮ್ಮ ಯಜಮಾನ್ರು ಬಸ್ ಡ್ರೈವರ್ ಅಲ್ವಾ? ಅವ್ರಿಗೆ ಯಾವತ್ತಾದ್ರೂ ವಾಂತಿ ಬಂದಿದ್ಯಾ? ಬರಲ್ಲ. ಅವ್ರು ರಸ್ತೆ ನೋಡ್ತಿರ್ತಾರೆ. ನಿಮ್ಮ ಕಿವಿ ಒಳಗಡೆ ಗಾಡಿ ಓಡ್ತಿದೆ ಅನ್ಸುತ್ತೆ, ಕಣ್ಣು ಮಾತ್ರ ಮುಂದಿನ ಸೀಟಿನ ಬೆನ್ನು ನೋಡಿ ಇಲ್ಲ, ನಿಂತಿದೆ ಅನ್ನುತ್ತೆ. ಅವೆರಡರ ಜಗಳಕ್ಕೆ ಹೊಟ್ಟೆ ಕೆಡೋದು."

ಮೂವತ್ತೆಂಟು ವರ್ಷ ಡ್ರೈವರನ ಜೊತೆ ಸಂಸಾರ ಮಾಡಿದ್ದೇನೆ ರಾಗಿಣಿ. ಆ ಮನುಷ್ಯ ಒಂದು ದಿನವೂ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ರಸ್ತೆ ನೋಡು ಅನ್ನಲಿಲ್ಲ. ಹಿಂದೆ ಹೋಗಿ ಮಲಗು ಎಂದರು. ಕ್ಲಿನಿಕ್‌ನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಸಿಟ್ಟಿನಲ್ಲೇ ಶಶಿಕಲಾಗೆ ಫೋನ್ ಮಾಡಿ, ನಾನೂ ಬರುತ್ತೇನೆ ಎಂದೆ.

ಅಂದಿನಿಂದ ತಾಲೀಮು ಶುರು ಮಾಡಿದೆ. ಬೆಳಿಗ್ಗೆ ಎರಡು ಇಡ್ಲಿ ತಿಂದು, ಮೂಡಲಪಾಳ್ಯದಿಂದ ಮೆಜೆಸ್ಟಿಕ್‌ಗೆ ಮುಂದಿನ ಸೀಟಿನಲ್ಲಿ ಕುಳಿತು, ಕಣ್ಣನ್ನು ದೂರದಲ್ಲಿಟ್ಟು ಹೋಗಿ ಬರುವುದು. ಮೊದಲ ವಾರ ಎರಡು ಸಲ ಕವರ್ ತೆಗೆದೆ. ಕಂಡಕ್ಟರ್ ಹುಡುಗಿ "ಪರ್ವಾಗಿಲ್ಲ ಆಂಟಿ, ನೀರು ಕುಡೀರಿ" ಎಂದಳು, ಅಷ್ಟೇ. ಬಸ್ಸಿನಲ್ಲಿ ಯಾರೂ ಸತ್ತು ಹೋಗಲಿಲ್ಲ. ಎರಡನೇ ವಾರ ಮೈಸೂರು ರಸ್ತೆ ಹಿಡಿದೆ. ಬಸ್ಸು ಕೆಂಗೇರಿ ದಾಟಿತು. ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ಕುಂಬಳಗೋಡಿನಲ್ಲಿ ಇಳಿದು, ಅಂಗಡಿ ಮುಂದೆ ನಿಂತು ಒಂದು ಟೀ ಕುಡಿದೆ, ಕುಡಿಯುತ್ತಾ ಅತ್ತುಬಿಟ್ಟೆ. ಅಂಗಡಿಯವನು ಟೀ ಸುಟ್ಟಿತೇನೋ ಎಂದುಕೊಂಡ.

ಮನೆಯಲ್ಲಿ ಹೇಳಿದಾಗ ಆದ ರಂಪ ನಿನಗೆ ಗೊತ್ತೇ ಇದೆ. ಜೀವನ್ "ಹಡಗು ನಿಲ್ಸಿ ಅಂದ್ರೆ ನಿಲ್ಸಲ್ಲಮ್ಮ ಅವ್ರು" ಎಂದ. ನಿಮ್ಮಪ್ಪ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ "ಹಂಗಾದ್ರೆ ನಾನೂ ಬರ್ತೀನಿ, ಇವಳನ್ನ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ" ಎಂದರು. ಬನ್ನಿ ಎಂದೆ. ಹೊಲಿಗೆ ದುಡ್ಡು ನನ್ನದು, ಟಿಕೆಟ್ ನನ್ನದು, ನೋಡಿಕೊಳ್ಳಲು ಅವರು.

ಶಶಿಕಲಾ ಜಾಣೆ. ಹಡಗಿನ ಕೆಳ ಅಂತಸ್ತಿನಲ್ಲಿ, ಸರಿಯಾಗಿ ಮಧ್ಯದ ರೂಮುಗಳನ್ನೇ ಕೇಳಿ ಹಿಡಿದಿದ್ದಳು. ತೂಗಾಟ ಅಲ್ಲಿ ಕಡಿಮೆಯಂತೆ. ಹಡಗು ಬಿಡುವುದಕ್ಕೆ ಒಂದು ಗಂಟೆ ಮುಂಚೆ ನಾವಿಬ್ಬರೂ ಡಾಕ್ಟರ್ ಕೊಟ್ಟ ಮಾತ್ರೆ ನುಂಗಿದೆವು. ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ ಎಂದು ಡಾಕ್ಟರ್ ಎರಡೆರಡು ಸಲ ಹೇಳಿ ಕಳಿಸಿದ್ದರು. ನಿಮ್ಮಪ್ಪನಿಗೂ ಕೊಟ್ಟೆ. "ಮೂವತ್ನಾಲ್ಕು ವರ್ಷ ಸ್ಟೀರಿಂಗ್ ಹಿಡಿದೋನಿಗೆ ಮಾತ್ರೆನಾ? ತಗೊಂಡ್ಹೋಗು" ಎಂದರು. ಹೊಟ್ಟೆ ಬಿರಿಯ ಪೂರಿ, ಪೊಂಗಲ್, ಮೇಲೆ ಎರಡು ಜಾಮೂನು ತಿಂದು ಫೋನ್ ನೋಡುತ್ತಾ ಮಲಗಿದರು.

ಗೋವಾ ದಾಟಿದ ಮೇಲೆ ಗಾಳಿ ಎದ್ದಿತು. ಮೇಜಿನ ಮೇಲಿದ್ದ ಲೋಟ ತಾನಾಗಿ ಈ ಕಡೆಯಿಂದ ಆ ಕಡೆಗೆ ಹೋಯಿತು. ನನಗೂ ಬಾಯಲ್ಲಿ ನೀರೂರಿತು, ಬಾತ್‌ರೂಮಿಗೆ ಹೋಗಿ ಒಂದು ಸಲ ವಾಂತಿ ಮಾಡಿಕೊಂಡೆ. ಸುಳ್ಳು ಯಾಕೆ ಹೇಳಲಿ. ಮಾಡಿಕೊಂಡು, ಬಾಯಿ ತೊಳೆದು, ಉಪ್ಪು ಹಾಕಿ ಒಣಗಿಸಿಕೊಂಡು ಹೋಗಿದ್ದ ಶುಂಠಿ ಚೂರು ಬಾಯಿಗೆ ಹಾಕಿಕೊಂಡು ಹೊರಗೆ ಬಂದರೆ, ನಿಮ್ಮಪ್ಪ ಮಂಚದ ಕಂಬಿ ಹಿಡಿದು ಕುಳಿತಿದ್ದರು. ಮುಖ ಸುಣ್ಣ. ಡ್ರೈವರ್ ಕೆಂಚಪ್ಪನವರು, ಮೂವತ್ನಾಲ್ಕು ವರ್ಷದಲ್ಲಿ ಒಂದು ದಿನವೂ ವಾಂತಿ ಮಾಡದವರು, ಹಾಸಿಗೆ, ಚಪ್ಪಲಿ, ನನ್ನ ಚೀಲ, ಯಾವುದನ್ನೂ ಬಿಡಲಿಲ್ಲ. ಸ್ಟೀರಿಂಗ್ ಬೇರೆಯವರ ಕೈಯಲ್ಲಿತ್ತಲ್ಲ.

ನಾನು ನಗಲಿಲ್ಲ. ನಗಬೇಕು ಎಂದು ಬಹಳ ಆಸೆಯಾಗಿತ್ತು, ಆದರೂ ನಗಲಿಲ್ಲ. ಹಡಗಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದೆ. ಆಮೇಲೆ ಮಲಗುತ್ತೇನೆ ಎಂದವರನ್ನು ಬಿಡದೆ ಗಾಳಿಗೆ ಕರೆತಂದು, ಹಡಗಿನ ನಡುಮಧ್ಯೆ ಒಂದು ಕುರ್ಚಿಯಲ್ಲಿ ಕೂರಿಸಿದೆ. ಫೋನ್ ಕಿತ್ತಿಟ್ಟುಕೊಂಡೆ. "ನೀರು ಆಕಾಶ ಸೇರೋ ಗೆರೆ ಕಾಣುತ್ತಲ್ಲ, ಅದನ್ನೇ ನೋಡಿ. ಕಣ್ಣು ಮುಚ್ಚಬೇಡಿ" ಎಂದೆ. ಗುಟುಕು ಗುಟುಕಾಗಿ ನೀರು, ಒಂದೊಂದೇ ಒಣ ಬಿಸ್ಕತ್ತು, ನಾಲಿಗೆಯಡಿ ಶುಂಠಿ. ಅವರು ಎದುರಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನೋಡುತ್ತಾ ಕುಳಿತರು, ಬಸ್ಸು ಓಡಿಸುತ್ತಿರುವವರ ಹಾಗೆಯೇ.

ಒಂದು ಗಂಟೆ ಕಳೆದ ಮೇಲೆ ನನ್ನ ಕಡೆ ತಿರುಗದೆ ಕೇಳಿದರು. "ಪುಟ್ಟಿ, ಇಷ್ಟು ಕಷ್ಟ ಆಗುತ್ತಾ?"

"ಇಷ್ಟೇ ಆಗೋದು. ನೋಡಿ, ಇಲ್ಲಿ ಇಳ್ಸೋಕೆ ಕೆಂಗೇರಿನೂ ಇಲ್ಲ" ಎಂದೆ.

ಅವರ ಕಣ್ಣಲ್ಲಿ ನೀರು ಬಂದಿತ್ತು, ಗಾಳಿ ಎಂದರು. ಯಾಕೆ ಹಾಗೆ ಎಂದು ಕೊನೆಯಲ್ಲಿ ಹೇಳುತ್ತೇನೆ, ಬರೆಯುವ ಧೈರ್ಯ ಅಲ್ಲಿಯವರೆಗೆ ಉಳಿದರೆ.

ಮರುದಿನ ಸಮುದ್ರ ಶಾಂತವಾಯಿತು. ಲಕ್ಷದ್ವೀಪದ ನೀರು ಏನು ಬಣ್ಣ ಎಂದು ನನಗೆ ಹೇಳಲು ಬರುವುದಿಲ್ಲ, ಆ ಬಣ್ಣದ ದಾರ ಚಿಕ್ಕಪೇಟೆಯಲ್ಲೂ ಸಿಕ್ಕಿಲ್ಲ. ದೋಣಿಯಿಂದ ಇಳಿಯುವಾಗ ಸೀರೆ ಮಂಡಿಯವರೆಗೆ ಒದ್ದೆಯಾಯಿತು. ನಿಮ್ಮಪ್ಪ ಕೈ ಕೊಟ್ಟರು. ಬೇಡ ಎಂದು ನಾನೇ ಇಳಿದೆ.

ಈಗ ಮುಖ್ಯ ವಿಷಯ. ಇದೇ ತಿಂಗಳು ಹತ್ತೊಂಬತ್ತು, ಗುರುವಾರ, ನಾನು ನಿನ್ನ ಮನೆಗೆ ಬರುತ್ತಿದ್ದೇನೆ. ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಿಂದ ಬೆಳಗಿನ ಬಸ್ಸು, ಮಡಿಕೇರಿ ಮೇಲೆ. ಸೀಟು ಹಿಡಿದಾಗಿದೆ, ಡ್ರೈವರ್ ಹಿಂದಿನ ಮೊದಲ ಸಾಲು. ಮಳೆಗಾಲದಲ್ಲಿ ಘಾಟಿ ಬೇಡ ಎಂದು ಜೀವನ್ ಹೇಳಿ ಸೋತ. ನಾನೂ ಬರ್ತೀನಿ ಎಂದು ನಿಮ್ಮಪ್ಪ ಕೇಳಿದರು. ಬನ್ನಿ, ಆದರೆ ಕಿಟಕಿ ನನ್ನದು ಎಂದಿದ್ದೇನೆ. ಬೇಡ ಅಮ್ಮ, ಸುಮ್ನೆ ಯಾಕೆ ಕಷ್ಟ ಎಂದು ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ. ಹದಿನೈದು ದಿನ ಇರುತ್ತೇನೆ. ಕೀರ್ತನಾಳ ಅಳತೆ ಕಳಿಸು, ಎರಡು ಲಂಗ ಹೊಲಿದು ತರುತ್ತೇನೆ.

ನಿಮ್ಮ ಮೂವರ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆಯ ಒಲೆ ಯಾವತ್ತೂ ಹೊತ್ತಿರಲಿ.

ನಿನ್ನ ಅಮ್ಮ,
ಪುಟ್ಟಲಕ್ಷ್ಮಿ

ಮತ್ತೆ ಬರೆದದ್ದು:

ಕಾಗದ ಮಡಿಸಿ ಕವರಿಗೆ ಹಾಕಿದ್ದೆ. ತೆಗೆದು ಬರೆಯುತ್ತಿದ್ದೇನೆ. ಎರಡು ಸಲ ಹರಿದದ್ದು ಈ ಭಾಗವನ್ನೇ.

ನಿನ್ನ ಮೊದಲ ಮಗು ಏಳು ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದೆ ಎಂದು ಸುದ್ದಿ ಬಂತಲ್ಲ, ಅವತ್ತು ಅಮ್ಮ ಘಾಟಿಗೆ ಹೆದರಿ ಬರುವುದಿಲ್ಲ ಎಂದಳು ಎಂದು ನಿಮ್ಮಪ್ಪ ನಿನಗೆ ಹೇಳಿದರು. ನಾನು ಹೊರಟಿದ್ದೆ, ರಾಗಿಣಿ. ಖಾಲಿ ಹೊಟ್ಟೆಯಲ್ಲಿ, ಬಾಣಂತನದ ಚೀಲ ತೊಡೆಯ ಮೇಲಿಟ್ಟುಕೊಂಡು, ನಿನ್ನ ಸೋದರತ್ತೆಯ ಮಗ ಮುರಳೀಕೃಷ್ಣನ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಕೆಂಗೇರಿ ಹತ್ತಿರ ಸೀಟಿನ ಮೇಲೆಯೇ ವಾಂತಿಯಾಯಿತು. ಅವನು ಕಾರು ನಿಲ್ಲಿಸಿದ. ನಿಮ್ಮಪ್ಪ ಬಾಗಿಲು ತೆಗೆದು "ಇಳಿ. ನಿನ್ನ ನೋಡ್ಕೊಳ್ಳೋದೋ, ಮಗಳನ್ನ ನೋಡ್ಕೊಳ್ಳೋದೋ" ಎಂದರು. ಎಲ್ಲಿಗೆ ಹೊರಟಿದ್ದಾಗ ಎನ್ನುವುದನ್ನು ಬಿಟ್ಟು, ಆ ಕೆಂಗೇರಿಯೇ ಆಮೇಲೆ ನಿಮಗೆಲ್ಲ ತಮಾಷೆಯಾದದ್ದು.

ಅವರು ನನ್ನ ಕಷ್ಟ ತಿಳಿಯದೆ ಇಳಿ ಎಂದಿದ್ದರು, ಅದಕ್ಕೆ ಹಡಗಿನಲ್ಲಿ ಅತ್ತರು. ಇದನ್ನು ಬರೆಯುತ್ತೇನೆಂದು ಅವರಿಗೆ ಹೇಳಿದ್ದೇನೆ, ಬರಿ ಎಂದರು. ಆದರೆ ನನ್ನನ್ನು ಯಾರೂ ಎಳೆದು ಇಳಿಸಲಿಲ್ಲ. ನಾನೇ ಇಳಿದೆ. ಹೊಸ ಸೀಟು ಕೆಡಿಸಿದೆನಲ್ಲ ಎಂದು ನಾಚಿಕೆಪಟ್ಟು, ಮರುಮಾತಾಡದೆ ಇಳಿದೆ. ಚೀಲ ಅವರ ಕೈಗೆ ಕೊಡುವುದನ್ನೂ ಮರೆತೆ. ಕಾರು ಹೋಯಿತು. ಆ ಮಗು ಎರಡು ದಿನ ಇತ್ತು. ಆ ಎರಡು ದಿನವೂ ನಿನ್ನ ಪಕ್ಕ ಇರಬೇಕಾದವಳು ನಾನು. ಮಗುವಿನ ಮುಖ ನಾನು ನೋಡಲಿಲ್ಲ. ಅಪ್ಪನ ಮೇಲೆ ನಿನಗೆ ಸಿಟ್ಟು ಬರಬಾರದು ಎಂದು ಸುಮ್ಮನಿದ್ದೇನೆ ಎಂದುಕೊಂಡು ಹನ್ನೊಂದು ವರ್ಷ ಕಳೆದೆ. ಅದು ಪೂರ್ತಿ ನಿಜವಲ್ಲ. ನಾನೇ ಇಳಿದೆ ಎಂದು ನಿನಗೆ ಹೇಳಲು ಬಾಯಿ ಬರಲಿಲ್ಲ.

ಆ ಚೀಲ ಬೀರುವಿನಲ್ಲಿ ಹಾಗೆಯೇ ಇದೆ. ಮಗುವಿಗೆಂದು ಹಳೇ ಸೀರೆ ಹರಿದು ಮಾಡಿದ ಬಟ್ಟೆಗಳು ಅದರಲ್ಲಿವೆ. ನೀನು ಬೈಯಬೇಕೆಂದರೆ ಎದುರಿಗೆ ಕೂರಿಸಿಕೊಂಡು ಬೈಯಿ, ಅದಕ್ಕೂ ಸೇರಿಸಿಯೇ ಹದಿನೈದು ದಿನ. ಗುರುವಾರ ದಾರಿಯಲ್ಲಿ ವಾಂತಿ ಬಂದರೆ ಬಸ್ಸಿನಲ್ಲೇ ಬರಲಿ. ಯಾರು ಬಾಗಿಲು ತೆಗೆದರೂ ನಾನು ಇಳಿಯುವುದು ಸುಳ್ಯದಲ್ಲಿ.